ಈಚೆ ಬದಿಯ ಮಸುಕು

ಅಕ್ಟೋಬರ್ ೫

ಸೂಜಿಗೆ, ನಿನ್ನ ಮಾವ ಮಲಗಿದಲ್ಲಿಂದಲೇ ಬರೆಯುವುದು.

ಪಾರ್ಸೆಲ್ ಬಂತು. ಬಿಚ್ಚುವಾಗ ನಿಮ್ಮಮ್ಮ ಪಕ್ಕದಲ್ಲೇ ನಿಂತಿದ್ದಳು. ಕಾಲು ಮುರಿದವನಿಗೆ ಮಗಳು ಹಾಲಿನ ಪುಡಿಯೋ ಬೆಚ್ಚನೆ ಬಟ್ಟೆಯೋ ಕಳಿಸಿರಬೇಕು ಅಂದುಕೊಂಡಿದ್ದಳು. ಒಳಗಿಂದ ದುರ್ಬೀನು ಬಂದದ್ದು ನೋಡಿ, "ಸರಿಹೋಯ್ತು! ಊರವರ ಮನೆ ಇಣುಕೋಕೆ ಇವನಿಗೆ ಇದೊಂದು ಕಡಿಮೆ ಇತ್ತು," ಅಂದಳು. ನನ್ನ ಒಡಹುಟ್ಟಿದ ಅಕ್ಕನಿಗೆ ನನ್ನ ಮೇಲಿರುವ ನಂಬಿಕೆ ಇಷ್ಟು.

ಬಿದ್ದ ಕಥೆ ನೀನು ಅವಳ ಬಾಯಲ್ಲಿ ಕೇಳಿರುತ್ತೀಯ, ಅದನ್ನು ಮರೆತುಬಿಡು. ನಿಜ ನಡೆದದ್ದು ಹೀಗೆ. ಔಷಧಿ ಅಂಗಡಿಯ ಬೋರ್ಡಿನ ಕೊನೆಯ ಅಕ್ಷರಕ್ಕೆ ಕೊಂಬು ಎಳೆಯುತ್ತಿದ್ದೆ. ಏಣಿ ಜಾರಿತು. ಬೇರೆ ಯಾವ ಪೇಂಟರ್ ಆಗಿದ್ದರೂ ಬ್ರಷ್ ಬಿಟ್ಟು ಏಣಿ ಹಿಡಿಯುತ್ತಿದ್ದ. ನಾನು ಏಣಿ ಬಿಟ್ಟು ಕೊಂಬು ಮುಗಿಸಿದೆ. ಕಾಲು ಎರಡು ಕಡೆ ಮುರಿಯಿತು, ಕೊಂಬು ಎಲ್ಲೂ ಮುರಿದಿಲ್ಲ. ಇಷ್ಟು ಸೊಗಸಾದ ಕೊಂಬು ಈ ಬೀದಿಯಲ್ಲಿ ಇನ್ನೊಂದಿಲ್ಲ ಅಂತ ಜನ ಹೇಳುತ್ತಿದ್ದಾರೆ. ಹೇಳದವರಿಗೆ ನಾನೇ ಕರೆದು ತೋರಿಸಿ ಹೇಳಿಸುತ್ತೇನೆ.

ಈಗ ತಾರಸಿಯಲ್ಲಿ ಮಂಚ. ಕೆಳಗೆ ಸೆಖೆ ಅಂತ ನೆಪ. ನಿಜವಾಗಿ ನಿಮ್ಮಮ್ಮನ ಉಪದೇಶದಿಂದ ತಪ್ಪಿಸಿಕೊಳ್ಳೋಕೆ. ನಿನ್ನೆ ಚಂದ್ರನನ್ನು ನೋಡಿದೆ. ಗುಳಿ, ಗುಡ್ಡ, ಬಯಲು ಎಲ್ಲ ಕಂಡವು. ಅಲ್ಲಿಗೆ ಹೋಗಿದ್ದವರ ಬೂಟಿನ ಗುರುತೂ ಕಂಡಿತು. ಎಡಗಾಲಿನದು.

ಮೂಲೆಯ ಹಾಲಿನವನಿಗೆ ಹೇಳಿದೆ: "ನಮ್ಮ ಸೂಜಿ ಆಂಬುಲೆನ್ಸ್ ಡ್ರೈವರು. ರಾತ್ರಿ ಪಾಳಿ. ಅವಳು ಸೈರನ್ ಹಾಕಿದ್ರೆ ಯಮನೂ ಸೈಡ್ ಕೊಡ್ತಾನೆ." ಅವನು ಬಾಯಿ ತೆರೆದವನು ಮುಚ್ಚಲಿಲ್ಲ. ಗಾಡಿಯ ಮುಂದೆ ಅಕ್ಷರ ಉಲ್ಟಾ ಬರೆಯುತ್ತಾರಲ್ಲ, ಮುಂದಿನವನ ಕನ್ನಡಿಯಲ್ಲಿ ನೇರ ಕಾಣಲಿ ಅಂತ, ಅದನ್ನು ನೋಡದೆ ಒಂದೇ ಗುಕ್ಕಿನಲ್ಲಿ ಬರೆಯಬಲ್ಲವನು ಈ ಸುತ್ತಿನಲ್ಲಿ ನಾನೊಬ್ಬನೇ ಅಂತಲೂ ಹೇಳಿದೆ.

ಸರಿ, ಚಂದ್ರ ಮುಗಿಯಿತು. ಮುಂದೆ ಏನು ನೋಡಲಿ? ಫೋನಿನಲ್ಲಿ ಹೇಳಬೇಡ. ಮಾತಿನ ಮಧ್ಯೆ ನಿಮ್ಮಮ್ಮ ಫೋನ್ ಕಿತ್ತುಕೊಳ್ಳುತ್ತಾಳೆ. ಬರೆ. ನಾನು ಊರ ಶಾಲೆಯಲ್ಲಿ ಏಳನೇ ಕ್ಲಾಸಿಗೇ ನಿಂತವನಾದರೂ ಓದುವುದರಲ್ಲಿ ಯಾರಿಗೂ ಕಡಿಮೆ ಇಲ್ಲ.

ಇಂತಿ,
ಬೋರ್ಡುಗಳ ದೊರೆ, ನಿನ್ನ ಮಾವ


ಅಕ್ಟೋಬರ್ ೧೯

ಬಡಾಯಿ ಮಾವನಿಗೆ,

ಬೂಟಿನ ಗುರುತು ಕಾಣಬೇಕಾದರೆ ಊರಷ್ಟು ದೊಡ್ಡ ದುರ್ಬೀನು ಬೇಕು. ನಿನ್ನದು ನನ್ನದರ ಜೊತೆಯದೇ, ಒಂದೇ ಅಂಗಡಿಯಲ್ಲಿ ಒಟ್ಟಿಗೆ ಕೊಂಡದ್ದು. ಅದರಲ್ಲಿ ಏನು ಕಾಣುತ್ತದೆ, ಏನು ಕಾಣುವುದಿಲ್ಲ ನನಗೆ ಚೆನ್ನಾಗಿ ಗೊತ್ತು.

ಆಟ ಬಿಟ್ಟು ಕೇಳು. ಮೊದಲು ಕಣ್ಣಿಗೆ ಕತ್ತಲೆ ಅಭ್ಯಾಸವಾಗಲಿ. ಅರ್ಧ ಗಂಟೆ ಯಾವ ದೀಪವನ್ನೂ ನೋಡಬೇಡ. ಮೊಣಕೈ ಎದೆಗೆ ಒತ್ತಿಕೊ, ಇಲ್ಲದಿದ್ದರೆ ನಕ್ಷತ್ರಗಳೆಲ್ಲ ಕುಣಿಯುತ್ತವೆ. ಮಸುಕಾದದ್ದನ್ನು ನೇರ ದಿಟ್ಟಿಸಬೇಡ. ನೇರ ನೋಡಿದರೆ ಮಾಯವಾಗುತ್ತದೆ. ಅದರ ಪಕ್ಕದ ಜಾಗ ನೋಡು, ಗಮನ ಮಾತ್ರ ಅದರ ಮೇಲಿರಲಿ. ಕಣ್ಣಿನ ಅಂಚಿಗೆ ಮಬ್ಬು ಬೆಳಕು ಹೆಚ್ಚು ತಿಳಿಯುತ್ತದೆ. ಆಗಲೂ ಕಾಣದಿದ್ದರೆ ಬೆರಳಿಂದ ಕೊಳವೆಯನ್ನು ಮೆಲ್ಲಗೆ ತಟ್ಟು. ಅಲುಗಾಡಿದಾಗ ಒಮ್ಮೊಮ್ಮೆ ಸಿಕ್ಕಿಬೀಳುತ್ತದೆ.

ಮೊದಲು ಕೃತ್ತಿಕೆ ನೋಡು, ಅದು ಮಕ್ಕಳಿಗೂ ಕಾಣುತ್ತದೆ. ಆಮೇಲೆ ದೇವಯಾನಿ ಪುಂಜ. ಅವಳ ಸೊಂಟದ ನಕ್ಷತ್ರ ಹಿಡಿ. ಅಲ್ಲಿಂದ ಆಚೆ ಬದಿಗೆ ಹೋದರೆ ಉದ್ದನೆಯ ಒಂದು ಮೋಡದ ಚೂರು. ಅದು ನಮ್ಮ ಆಕಾಶಗಂಗೆಯ ಹಾಗೆಯೇ ಇನ್ನೊಂದು ಗ್ಯಾಲಕ್ಸಿ. ಅದೂ ಸುಲಭ. ಕಷ್ಟದ್ದು ಇನ್ನೊಂದಿದೆ. ಅದೇ ಸೊಂಟದ ನಕ್ಷತ್ರದಿಂದ ಅಷ್ಟೇ ದೂರ ಈಚೆ ಬದಿಗೆ ಬಾ. ಅಲ್ಲಿ ದುಂಡಗೆ, ದೊಡ್ಡದಾಗಿ, ಇದ್ದೂ ಇಲ್ಲದ ಹಾಗೆ ಒಂದು ಮಸುಕಿದೆ. ಅದೂ ಗ್ಯಾಲಕ್ಸಿಯೇ. ಅದರ ಬೆಳಕು ಅಲ್ಲಿಂದ ಹೊರಟಾಗ ಮನುಷ್ಯ ಅನ್ನುವವನೇ ಇರಲಿಲ್ಲ.

ನಮ್ಮ ಸ್ಟೇಷನ್ ಊರಾಚೆ ಇರುವುದರಿಂದ ಕತ್ತಲೆಗೆ ಬರವಿಲ್ಲ. ಕರೆ ಇಲ್ಲದಾಗ ಛಾವಣಿ ಹತ್ತುತ್ತೇನೆ. ಕಳೆದ ವರ್ಷ ಈ ಹೊತ್ತಿಗೆ ಅದು ಸಲೀಸಾಗಿ ಸಿಕ್ಕಿತ್ತು. ಈ ವರ್ಷ ಇನ್ನೂ ಇಲ್ಲ. ಮಂಜು ಬೇಗ ಶುರುವಾದ ಹಾಗಿದೆ. ನನ್ನ ಜೊತೆಯ ಅಟೆಂಡರ್ ಅಣ್ಣ, ನಾವು ಅವನನ್ನು ಆಕಳಿಕೆ ಅಂತ ಕರೆಯುವುದು, "ಮೇಲೆ ಏನು ಕಳಕೊಂಡಿದ್ದೀಯಮ್ಮ?" ಅಂತ ಕೆಳಗಿಂದ ಕೂಗುತ್ತಾನೆ.

ಕಾಲು ಅಲುಗಾಡಿಸಬೇಡ. ಬಾಯಿಗೂ ಸ್ವಲ್ಪ ಪ್ಲಾಸ್ಟರ್ ಹಾಕಿಸಿಕೊ.

ಸೂಜಿ


ಅಕ್ಟೋಬರ್ ೨೭

ಸೂಜಿಗೆ,

ಕೃತ್ತಿಕೆ ನೋಡಿದೆ. ನೀಲಿ ಸಾಟಿನ್ ಮೇಲೆ ಸುಣ್ಣದ ಬ್ರಷ್ ಕೊಡವಿದ ಹಾಗೆ. ನಿನಗೆ ಎಷ್ಟು ಕಾಣುತ್ತದೋ ಅದಕ್ಕಿಂತ ಹತ್ತು ಜಾಸ್ತಿ ನನಗೆ ಕಂಡವು.

ಆದರೆ ಮೊದಲು ಒಂದು ಯುದ್ಧ ಗೆಲ್ಲಬೇಕಾಯಿತು. ಎದುರು ಮನೆಯ ಮಾಳಿಗೆಯಲ್ಲಿ ಹಲ್ಲಿನ ಡಾಕ್ಟರರ ಬೋರ್ಡು. ಬರೆದವನು ನಾನೇ. ಅದರ ಮೇಲೆ ಅವರು ಹಾಕಿಸಿದ ದೀಪ ನೇರ ನನ್ನ ಮಂಚಕ್ಕೆ ಹೊಡೆಯುತ್ತದೆ. ಡಾಕ್ಟರರನ್ನು ಕರೆಸಿದೆ.

"ಸಾರ್, ರಾತ್ರಿಯೆಲ್ಲ ದೀಪ ಉರಿದ್ರೆ ಹುಳ ಬಂದು ಕೂರುತ್ವೆ. ಹುಳ ಕೂತ್ರೆ ಬಣ್ಣ ತಿನ್ನುತ್ವೆ. ಮೊದಲು ಬಿಳಿ ತಿನ್ನುತ್ವೆ. ನಿಮ್ಮ ಬೋರ್ಡಲ್ಲಿ ಬಿಳಿ ಇರೋದು ಎಲ್ಲಿ ಹೇಳಿ?"

"ಹಲ್ಲಿನ ಚಿತ್ರದಲ್ಲಿ," ಅಂದರು ಪಾಪ.

"ಹುಳುಕು ಹಲ್ಲಿನ ಬೋರ್ಡು ಇಟ್ಕೊಂಡು ನೀವು ಪ್ರಾಕ್ಟೀಸ್ ಮಾಡೋಕಾಗುತ್ತಾ?"

ಅಂದಿನಿಂದ ಎಂಟು ಗಂಟೆಗೆ ದೀಪ ಆಫ್. ನಿಮ್ಮಮ್ಮ ಮೆಟ್ಟಿಲ ಮೇಲೆ ಕೂತು ಎಲ್ಲ ಕೇಳಿಸಿಕೊಂಡಿದ್ದಳು. "ನಿನ್ನ ನಾಲಿಗೆಗೆ ಮೊದಲು ಹುಳ ಬೀಳ್ಬೇಕು," ಅಂದಳು. ಆದರೆ ಕತ್ತಲಾದ ಮೇಲೆ ಅವಳೂ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದಳು.

ದೇವಯಾನಿಯ ಆಚೆ ಬದಿಯ ಮೋಡ ಸಿಕ್ಕಿತು. ಸುಲಭ ಅಂದೆಯಲ್ಲ, ನನಗೆ ತುಂಬಾ ಸುಲಭವಾಯಿತು. ಈಚೆ ಬದಿಯದು ಇನ್ನೂ ಇಲ್ಲ. ಇಲ್ಲ ಅಂತ ನಾನು ಬರೆದದ್ದು ಯಾರಿಗೂ ತೋರಿಸಬೇಡ.

ಮಾವ


ನವೆಂಬರ್ ೨೩

ಸೂಜಿ,

ಕಂಡಿತು.

ಊಟ ಮುಗಿಸಿ ಮಲಗಿದ್ದೆ. ಸೊಂಟದ ನಕ್ಷತ್ರ ನೆತ್ತಿಯ ಹತ್ತಿರ ಇತ್ತು. ಮಲಗಿದವನಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇಕೇ. ನಾಲ್ಕೈದು ರಾತ್ರಿಯಿಂದ ಅದೇ ಜಾಗವನ್ನು ಉಜ್ಜಿ ಉಜ್ಜಿ ನೋಡಿ ಬೇಸರ ಬಂದಿತ್ತು. ನೀನು ಹೇಳಿದ ಹಾಗೆ ಪಕ್ಕಕ್ಕೆ ನೋಡಿದರೂ ಕಪ್ಪು, ತಟ್ಟಿದರೂ ಕಪ್ಪು. ಸಾಕು ಅಂತ ಕೈ ಇಳಿಸುವಾಗ ಒಂದು ಪುಟ್ಟ ನಕ್ಷತ್ರದ ಮೇಲೆ ಕಣ್ಣು ನಿಂತಿತು. ಅದರ ಪಕ್ಕ ಏನೋ ಇತ್ತು. ತಿರುಗಿ ನೋಡಿದೆ, ಇಲ್ಲ. ಮತ್ತೆ ನಕ್ಷತ್ರ ನೋಡಿದೆ, ಇದೆ.

ಹೇಗೆ ಹೇಳಲಿ. ಕಪ್ಪು ಬೋರ್ಡಿನ ಮೇಲೆ ಬರೆದ ಅಕ್ಷರವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ ಮೇಲೂ ಒಂದು ನೆರಳು ಉಳಿಯುತ್ತದಲ್ಲ, ಓರೆಯಾಗಿ ನಿಂತವನಿಗೆ ಮಾತ್ರ ಕಾಣುವಂಥದ್ದು? ಹಾಗೆ. ದುಂಡಗಿದೆ, ಒಂದು ಕಡೆ ಚೂರು ಎಳೆದ ಹಾಗಿದೆ. ಅಂಚು ಎಲ್ಲಿ ಮುಗಿಯುತ್ತದೆ ಹೇಳೋಕಾಗಲ್ಲ. ನಾನು ಇಷ್ಟು ವರ್ಷ ಅಂಚು ಎಳೆದೇ ಅನ್ನ ತಿಂದವನು. ಅಂಚಿಲ್ಲದ್ದನ್ನು ಇಷ್ಟು ಹೊತ್ತು ನೋಡಿರಲಿಲ್ಲ.

ನಿಮ್ಮಮ್ಮನನ್ನು ಕೂಗಲಿಲ್ಲ. ಹಾಲಿನವನಿಗೂ ಹೇಳಿಲ್ಲ. ಯಾಕೋ ಹೇಳಬೇಕು ಅನ್ನಿಸಲೇ ಇಲ್ಲ.

ಜೊತೆಗೆ ಚಿತ್ರ ಬರೆದು ಇಟ್ಟಿದ್ದೇನೆ. ಸುತ್ತಲಿನ ನಕ್ಷತ್ರಗಳು ಎಲ್ಲಿ ಕಂಡವೋ ಅಲ್ಲೇ ಇವೆ, ಅಂದಕ್ಕೆ ಅಂತ ಒಂದನ್ನೂ ಸೇರಿಸಿಲ್ಲ.

ನಿನಗೂ ಸಿಕ್ಕಿರಬೇಕಲ್ಲ ಇಷ್ಟು ಹೊತ್ತಿಗೆ?

ಮಾವ


ಡಿಸೆಂಬರ್ ೨

ಬಡಾಯಿ ಮಾವ,

ಚಿತ್ರ ಚೆನ್ನಾಗಿದೆ. ಯಾವ ಪುಸ್ತಕದಿಂದ ಇಳಿಸಿದೆ? ಎಡಗಾಲಿನ ಬೂಟು ನೋಡಿದ ಕಣ್ಣಲ್ಲವೇ ಇದು. ಕಾಲು ವಾಸಿಯಾಗುವಷ್ಟರಲ್ಲಿ ಅಲ್ಲಿಯ ಜನರ ಜೊತೆ ಮಾತಾಡಿದೆ ಅಂತಲೂ ಬರೆಯುತ್ತೀಯ.

ಬೀದಿ ದೀಪಗಳ ಮಧ್ಯೆ ಮಲಗಿದ ನಿನಗೆ ಕಂಡು, ಊರಾಚೆಯ ಕತ್ತಲಲ್ಲಿ ನಿಂತ ನನಗೆ ಕಾಣಲಿಲ್ಲ ಅಂದರೆ ನಂಬುವವರು ಯಾರು? ನನಗಂತೂ ಈ ಚಳಿಗಾಲ ಆಚೆ ಬದಿಯ ಮೋಡವೇ ಸರಿಯಾಗಿ ಸಿಗುತ್ತಿಲ್ಲ. ಮಂಜು. ಸಾಲದ್ದಕ್ಕೆ ದೂರದಲ್ಲಿ ಹೊಸ ಗೋದಾಮು ಆಗಿದೆ, ಅದರ ದೀಪಗಳು. ಲೆನ್ಸಿಗೂ ಬೂಷ್ಟು ಹಿಡಿದಿರಬೇಕು, ಒರೆಸಿ ಸಾಕಾಯಿತು.

ಎಲ್ಲವೂ ಹೀಗೇ ಇದೆ ಇಲ್ಲಿ. ಗಾಡಿಯ ಹೆಡ್‌ಲೈಟ್ ಮಂಕಾಗಿದೆ ಅಂತ ಬರೆದುಕೊಟ್ಟೆ. ಮೆಕ್ಯಾನಿಕ್ ನೋಡಿ ಸರಿಯಾಗೇ ಇದೆ ಅನ್ನುತ್ತಾನೆ, ಸೋಮಾರಿ. ಮೊನ್ನೆ ಗೇಟಿನ ಕಂಬಕ್ಕೆ ಬಾಗಿಲು ಉಜ್ಜಿತು. ಆ ಕಂಬಕ್ಕೆ ಸುಣ್ಣ ಬಳಿಯಿರಿ ಅಂತ ವರ್ಷದಿಂದ ಹೇಳುತ್ತಿದ್ದೇನೆ, ಕೇಳುವವರಿಲ್ಲ. ನೀನು ಇಲ್ಲಿದ್ದರೆ ಒಂದು ಗಂಟೆಯ ಕೆಲಸ.

ಅಮ್ಮನಿಗೆ ಹೇಳು, ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆ.

ಸೂಜಿ


ಡಿಸೆಂಬರ್ ೮

ಸೂಜಿ,

ನಿನ್ನ ಪತ್ರ ಓದಿ ಎರಡು ದಿನ ಸುಮ್ಮನಿದ್ದೆ. ನಾನು ಸುಮ್ಮನಿರುವುದು ನೋಡಿ ನಿಮ್ಮಮ್ಮ ಜ್ವರ ಬಂದಿದೆಯಾ ಅಂತ ಹಣೆ ಮುಟ್ಟಿ ನೋಡಿದಳು.

ನಿನ್ನ ಅಪ್ಪನ ವಿಷಯ ಬರೆಯಬೇಕು. ನೀನು ಚಿಕ್ಕವಳಿದ್ದೆ, ನಿನಗೆ ಪೂರ್ತಿ ಗೊತ್ತಿಲ್ಲ. ಭಾವ ಸಿನಿಮಾ ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದರು. ಕತ್ತಲೆಯ ಕೋಣೆಯೇ ಅವರ ಕೆಲಸ. ರೀಲು ಎಲ್ಲಿ, ಹಿಡಿ ಎಲ್ಲಿ, ಎಲ್ಲ ಬೆರಳಿಗೆ ಪಾಠವಾಗಿತ್ತು. ಹಾಗಾಗಿ ಅವರಿಗೆ ಮಬ್ಬು ಬೆಳಕಿನಲ್ಲಿ ಕಾಣುತ್ತಿಲ್ಲ ಅನ್ನುವುದು ಯಾರಿಗೂ ತಿಳಿಯಲಿಲ್ಲ, ಅವರಿಗೂ ತಿಳಿಯಲಿಲ್ಲ. ಸಂಜೆ ಸೈಕಲ್ ಚರಂಡಿಗೆ ಇಳಿದರೆ ಚರಂಡಿಯನ್ನು ಬೈಯುತ್ತಿದ್ದರು. ಬಲ್ಬು ಮಂಕು ಅಂತ ವಾರಕ್ಕೊಂದು ಬಲ್ಬು ಬದಲಾಯಿಸುತ್ತಿದ್ದರು. ಮಂಜು ಅನ್ನುತ್ತಿದ್ದರು, ಬೇಸಿಗೆಯಲ್ಲೂ. ಕಣ್ಣಿನ ಡಾಕ್ಟರರ ಹತ್ತಿರ ಹೋದಾಗ ಅವರಿಗೆ ನಲವತ್ತು ದಾಟಿತ್ತು. ಹೋಗಿದ್ದು ಕನ್ನಡಕಕ್ಕೆ ಅಂತ. ಇದು ರಕ್ತದಲ್ಲಿ ಬರುವ ಕಾಯಿಲೆ, ಮೊದಲು ರಾತ್ರಿ ಹೋಗುತ್ತದೆ, ಆಮೇಲೆ ಸುತ್ತಲಿನ ಅಂಚು ಹೋಗುತ್ತದೆ ಅಂದರು ಡಾಕ್ಟರು.

ನಿನ್ನ ಪತ್ರದಲ್ಲಿ ಮಂಜಿದೆ, ಗೋದಾಮಿದೆ, ಬೂಷ್ಟಿದೆ, ಹೆಡ್‌ಲೈಟಿದೆ, ಕಂಬವಿದೆ. ನಿನ್ನ ಕಣ್ಣು ಮಾತ್ರ ಇಲ್ಲ.

ನಾನು ಹೇಳಿದ್ದನ್ನು ಈ ಮನೆಯಲ್ಲಿ ಯಾರೂ ನಂಬುವುದಿಲ್ಲ, ಅದು ನನಗೆ ಗೊತ್ತು. ನಂಬಲಿ ಅಂತ ನಾನೂ ಹೇಳುವುದಿಲ್ಲ, ನಗಲಿ ಅಂತ ಹೇಳುತ್ತೇನೆ. ಆದರೆ ಆ ಈಚೆ ಬದಿಯ ಮಸುಕು ನನಗೆ ಕಂಡದ್ದು ನಿಜ. ನಾನು ನಿಮ್ಮಮ್ಮನ ಕಡೆಯವನು, ನನ್ನ ಕಣ್ಣಿನಲ್ಲಿ ಭಾವನ ರಕ್ತ ಇಲ್ಲ. ನಿನ್ನದರಲ್ಲಿ ಇದೆ.

ಒಂದು ಕೆಲಸ ಮಾಡು. ಕತ್ತಲೆಯಲ್ಲಿ ನಿನ್ನ ದುರ್ಬೀನನ್ನು ಆಕಳಿಕೆಯ ಕೈಗೆ ಕೊಡು. ಅವನಿಗೂ ಕಾಣದಿದ್ದರೆ ಮಂಜು ಅನ್ನು, ನಾನು ಬಡಾಯಿಕೋರ ಅನ್ನು, ಒಪ್ಪುತ್ತೇನೆ. ಅವನಿಗೆ ಕಂಡರೆ ಮರುದಿನವೇ ಡಾಕ್ಟರರ ಹತ್ತಿರ ಹೋಗು. ಭಾವನದು ನಾಲ್ಕು ಗೋಡೆಯ ಕೋಣೆ, ತಪ್ಪಿದರೆ ರೀಲು ಕೆಳಗೆ ಬೀಳುತ್ತಿತ್ತು. ನಿನ್ನದು ರಸ್ತೆ. ಹಿಂದೆ ಯಾರದೋ ಮನೆಯವರು ಮಲಗಿರುತ್ತಾರೆ, ಮುಂದೆ ಇನ್ಯಾರದೋ ಮನೆಯವರು ನಡೆದು ಬರುತ್ತಿರುತ್ತಾರೆ.

ನಿಮ್ಮಮ್ಮನಿಗೆ ಏನೂ ಹೇಳಿಲ್ಲ.

ಮಾವ


ಡಿಸೆಂಬರ್ ೨೮

ಸೂಜಿ,

ಉತ್ತರ ಬರಲಿಲ್ಲ. ನೀನು ಫೋನ್ ಮಾಡಿದ್ದೆ ಅಂತ ತಿಳಿಯಿತು. ನಾನು ಮಂಚದ ಮೇಲಿಂದ "ನನಗೂ ಕೊಡೇ" ಅಂತ ಕೂಗುತ್ತಲೇ ಇದ್ದೆ. "ಅವಳ ಗಾಡಿಗೆ ಕರೆ ಬಂತಂತೆ," ಅಂತ ನಿಮ್ಮಮ್ಮ ಇಟ್ಟುಬಿಟ್ಟಳು.

ಪ್ಲಾಸ್ಟರ್ ಬಿಚ್ಚಿದರು. ಒಳಗಿನ ಕಾಲು ಬೇರೆ ಯಾರದೋ ಇದ್ದ ಹಾಗಿದೆ, ಸಣ್ಣಗೆ, ಬೆಳ್ಳಗೆ. ಕೋಲು ಹಿಡಿದು ಬಾಗಿಲವರೆಗೆ ಹೋಗಿ ಬರುತ್ತೇನೆ.

ನಿನಗೆ ಕೋಪ ಬಂದಿದೆ. ಬರಲಿ. ಆ ಕೆಲಸ ನಿನಗೆ ಹೇಗೆ ಸಿಕ್ಕಿತು ಅನ್ನುವುದು ನನಗೆ ಗೊತ್ತಿಲ್ಲವೇ? ಹೆಣ್ಣು ಮಗಳು ರಾತ್ರಿ ಗಾಡಿ ಓಡಿಸುತ್ತಾಳಾ ಅಂತ ನಕ್ಕವರ ಮುಂದೆ ಓಡಿಸಿ ತೋರಿಸಿದವಳು ನೀನು. ಅದನ್ನು ಬಿಡು ಅಂತ ಬರೆಯುವ ಕೈ ಇದೇ ಕೈಯಾ ಅಂತ ನನಗೇ ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ. ನಿಮ್ಮ ಆಫೀಸಿನವರಿಗೆ ಒಂದು ಸಾಲು ಬರೆದರೆ ಮುಗಿಯಿತು, ಅದೂ ಗೊತ್ತಿದೆ. ಬರೆದಿಲ್ಲ. ಬರೆಯುವುದೇ ಇಲ್ಲ ಅಂತ ಮಾತು ಕೊಡಲಾರೆ.

ದಿನಾ ಸಂಜೆ ಕತ್ತಲಾಗುವಾಗ, ಈಗ ಅವಳು ಗಾಡಿ ಹತ್ತುತ್ತಾಳೆ ಅಂತ ನೆನಪಾಗುತ್ತದೆ. ಆಮೇಲೆ ಆಕಾಶ ನೋಡುವ ಮನಸ್ಸು ಬರುವುದಿಲ್ಲ.

ಮಾವ


ಜನವರಿ ೬

ಮಾವನಿಗೆ,

ಎರಡೂ ಪತ್ರ ಬಂದಿವೆ. ನನ್ನ ಕಣ್ಣಿಗೆ ಏನೂ ಆಗಿಲ್ಲ. ಹಗಲಿನಲ್ಲಿ ಸೂಜಿಗೆ ದಾರ ಪೋಣಿಸುತ್ತೇನೆ, ಬಸ್ಸಿನ ನಂಬರನ್ನು ಎಲ್ಲರಿಗಿಂತ ಮೊದಲು ಓದುತ್ತೇನೆ. ಅಪ್ಪನ ಕಾಯಿಲೆ ಅಪ್ಪನಿಗೆ. ಒಬ್ಬ ಬಡಾಯಿಗಾರ ಒಂದು ಮಸುಕನ್ನು ಕಂಡೆ ಅಂದದ್ದಕ್ಕೆ ನಾನು ಕೆಲಸ ಬಿಡಬೇಕೇ?

ನಿನ್ನ ಕಣ್ಣು ಅಷ್ಟು ಚೂಪಾಗಿದ್ದರೆ ಇದನ್ನು ಹುಡುಕು. ಈಗ ರಾತ್ರಿ ಮೂಡಣದಲ್ಲಿ ಪುನರ್ವಸುವಿನ ಎರಡು ನಕ್ಷತ್ರಗಳು ಅಣ್ಣತಮ್ಮಂದಿರ ಹಾಗೆ ಜೋಡಿಯಾಗಿ ಏರುತ್ತವೆ. ಕೆಳಗಿನದರಿಂದ ಮೇಲಿನದಕ್ಕೆ ಗೆರೆ ಎಳೆ, ಅದೇ ಗೆರೆಯನ್ನು ಅಷ್ಟೇ ದೂರ ಮುಂದಕ್ಕೆ ಎಳೆ. ಅಲ್ಲೊಂದು ಮಸುಕಿದೆ. ಈಚೆ ಬದಿಯದಕ್ಕಿಂತ ತೆಳು. ಕಂಡ ಮೇಲೆ ಹೇಗಿದೆ ಅಂತ ಬರೆ, ಚಿತ್ರ ಸಮೇತ. ಆಮೇಲೆ ನನ್ನ ಕಣ್ಣಿನ ಮಾತು ಆಡೋಣ.

ಸೂಜಿ


ಜನವರಿ ೧೯

ಸೂಜಿ,

ಚಂದ್ರ ತೊಲಗುವವರೆಗೆ ಕಾದು, ಸಿಕ್ಕ ಅಷ್ಟೂ ಕತ್ತಲ ರಾತ್ರಿ ನೋಡಿದೆ. ಈಗ ಕೂತು ನೋಡಬೇಕು, ಅದು ಮೂಡಣದಲ್ಲಿದೆಯಲ್ಲ. ಕುರ್ಚಿಯ ಬೆನ್ನಿಗೆ ಮೊಣಕೈ ಊರಿಕೊಂಡು ನೋಡಿದೆ. ಕಂಬಳಿಯನ್ನು ತಲೆಯ ಮೇಲಿಂದ ಹೊದ್ದು ಪಕ್ಕದ ಬೆಳಕು ಬಾರದ ಹಾಗೆ ಮಾಡಿಕೊಂಡು ನೋಡಿದೆ. ಪಕ್ಕಕ್ಕೆ ನೋಡಿದೆ, ತಟ್ಟಿದೆ, ಉಸಿರು ಬಿಗಿ ಹಿಡಿದೆ. ಅಣ್ಣತಮ್ಮಂದಿರು ಚೆನ್ನಾಗಿ ಕಾಣುತ್ತಾರೆ, ಒಬ್ಬ ಬಿಳಿ, ಒಬ್ಬ ಚೂರು ಹಳದಿ. ನೀನು ಹೇಳಿದ ಜಾಗದಲ್ಲಿ ನಾಲ್ಕಾರು ಚುಕ್ಕೆ ಇವೆ. ಮಸುಕು ಇಲ್ಲ.

ಇದನ್ನು ಬರೆಯುವುದು ಎಷ್ಟು ಕಷ್ಟ ಅಂತ ನಿನಗೆ ಗೊತ್ತಿರಬೇಕು. ಕಂಡಿತು ಅಂದರೆ ನೀನು ಡಾಕ್ಟರರ ಹತ್ತಿರ ಹೋಗುತ್ತೀಯೇನೋ ಅನ್ನುವ ಆಸೆ. ಪೆನ್ಸಿಲ್ ಕೈಯಲ್ಲೇ ಇತ್ತು, ಒಂದು ದುಂಡನೆಯ ನೆರಳು ತಿಕ್ಕುವುದು ನನಗೆ ಎಷ್ಟರ ಕೆಲಸ? ಮೆಟ್ಟಿಲ ಮೇಲೆ ನಿಂತಿದ್ದ ನಿಮ್ಮಮ್ಮ ಕೇಳಿದಳು, "ಏನೋ ಅದು, ಇಷ್ಟೊತ್ತು?"

"ಸೂಜಿ ಒಂದು ಹುಡುಕು ಅಂದಿದಾಳೆ, ಸಿಕ್ತಿಲ್ಲ."

"ಸಿಕ್ತು ಅಂತ ಹೇಳ್ಬಿಡು. ನೀನು ಯಾವತ್ತು ಸಿಕ್ಕಿಲ್ಲ ಅಂದಿದ್ದೆ?"

ತಮಾಷೆಗೆ ಅಂದಳು. ನಾನು ನಗಲಿಲ್ಲ.

ಇಲ್ಲ ಸೂಜಿ. ನನಗೆ ಕಾಣಲಿಲ್ಲ. ಖಾಲಿ ಚಿತ್ರ ಜೊತೆಗಿದೆ. ಅದು ಅಷ್ಟು ತೆಳುವಾಗಿದ್ದು ನಿನಗೆ ಕಂಡಿದ್ದರೆ ನಿನ್ನ ಕಣ್ಣು ನನ್ನದಕ್ಕಿಂತ ಚೆನ್ನಾಗಿದೆ, ನಾನು ಸೋತೆ. ನಿಜವಾಗಿ ಸೋತಿದ್ದರೆ ಅದಕ್ಕಿಂತ ಸಂತೋಷ ನನಗೆ ಬೇರೆ ಇಲ್ಲ.

ಮಾವ


ಫೆಬ್ರುವರಿ ೮

ಮಾವ,

ಅಲ್ಲಿ ಏನೂ ಇಲ್ಲ. ಯಾವ ನಕ್ಷೆಯಲ್ಲೂ ಇಲ್ಲ. ನಾನೇ ಹುಟ್ಟಿಸಿದ ಜಾಗ ಅದು. ನೀನು ಕಂಡೆ ಅಂತ ಬರೆಯುತ್ತೀಯ, ಚಿತ್ರ ಕಳಿಸುತ್ತೀಯ, ಆಗ ಮೊದಲಿನದೂ ಸುಳ್ಳೇ ಅಂತ ನಿಶ್ಚಿಂತೆಯಿಂದ ಗಾಡಿ ಹತ್ತಬಹುದು ಅಂದುಕೊಂಡಿದ್ದೆ. ಪತ್ರ ಬರುವವರೆಗೂ ಅದನ್ನೇ ಬೇಡಿಕೊಂಡೆ. ಜೀವನದಲ್ಲಿ ಒಂದು ಸಲ ನೀನು ಬಡಾಯಿ ಕೊಚ್ಚಬೇಕಾಗಿತ್ತು, ಕೊಚ್ಚಲಿಲ್ಲ.

ನಿನ್ನ ಪತ್ರ ಬಂದ ಸಂಜೆಯೇ, ಎಳೆಯ ಚಂದ್ರ ಮುಳುಗಲಿ ಅಂತ ಕಾದು, ಆಕಳಿಕೆ ಅಣ್ಣನನ್ನು ಛಾವಣಿಗೆ ಕರೆದುಕೊಂಡು ಹೋದೆ. ಅವನು ಜನ್ಮದಲ್ಲಿ ದುರ್ಬೀನು ಹಿಡಿದವನಲ್ಲ. ಸೊಂಟದ ನಕ್ಷತ್ರವನ್ನು ನಾನು ತೋರಿಸಿಕೊಟ್ಟೆ, ಈಚೆ ಬದಿಗೆ ಬಾ ಅಂದೆ. ಸ್ವಲ್ಪ ಹೊತ್ತು ಹುಡುಕಿ, "ಇದೇ ಅಲ್ವಾ? ಗಾಜಿನ ಮೇಲೆ ಉಸಿರು ಬಿಟ್ಟ ಹಾಗೆ?" ಅಂದ. ಅವನ ಕೈಯಿಂದ ತೆಗೆದುಕೊಂಡು ಅದೇ ಜಾಗ ನೋಡಿದೆ. ಕಪ್ಪು, ಮಾವ. ಮಂಜಿರಲಿಲ್ಲ.

ಅವನಿಗೆ ಹೇಳಿದೆ. ಅವನು ದುರ್ಬೀನು ತೆಗೆದುಕೊಂಡು ಬದಿಗಿಟ್ಟ. ಆಮೇಲೆ, "ಹೋದ ತಿಂಗಳು ತಿರುವಿನಲ್ಲಿ ನಾನು ಕಿರುಚಿದ್ದು ನೆನಪಿದ್ಯಾ?" ಅಂದ. ನೆನಪಿತ್ತು. ರಸ್ತೆಯ ಅಂಚಿನಲ್ಲಿ ಒಬ್ಬ ತಲೆಯ ಮೇಲೆ ಮೂಟೆ ಹೊತ್ತು ಹೋಗುತ್ತಿದ್ದನಂತೆ. ಕಿರುಚಿದ್ದು ಕೇಳಿ ಸ್ಟೀರಿಂಗ್ ಎಳೆದೆನೇ ಹೊರತು ಆ ಮನುಷ್ಯನನ್ನು ನಾನು ಕೊನೆಗೂ ಕಾಣಲಿಲ್ಲ. ಏನೂ ಆಗಲಿಲ್ಲ. ನಾಯಿ ಇರಬೇಕು ಅಂದುಕೊಂಡು ಮರೆತುಬಿಟ್ಟಿದ್ದೆ. "ನಿನಗೆ ಸುಸ್ತಾಗಿದೆ ಅಂದ್ಕೊಂಡೆನಮ್ಮ," ಅಂದ. ಕೈ ಚಾಚಿದ. ಕೀಲಿ ಕೊಟ್ಟೆ.

ಡಾಕ್ಟರು ಕತ್ತಲೆಯ ಕೋಣೆಯಲ್ಲಿ ಕೂರಿಸಿ ಚುಕ್ಕೆ ಕಂಡಾಗ ಗುಂಡಿ ಒತ್ತು ಅಂದರು. ಒತ್ತದೆ ಕೂತ ಹೊತ್ತೇ ಹೆಚ್ಚು. ಅಪ್ಪನದೇ. ನಿಧಾನವಾದ ಜಾತಿ, ಹಗಲು ಇನ್ನೂ ಬಹಳ ವರ್ಷ ಉಳಿಯಬಹುದು ಅಂತಾರೆ. ಗಾಡಿ ಮಾತ್ರ ಇಲ್ಲ, ಹಗಲಲ್ಲೂ ಇಲ್ಲ. ಈಗ ಫೋನ್ ಟೇಬಲ್ಲಿನಲ್ಲಿ ಕೂರಿಸಿದ್ದಾರೆ. ಎಲ್ಲಿ ಬಿದ್ದಿದ್ದಾರೆ, ಉಸಿರಾಡ್ತಿದ್ದಾರಾ ಅಂತ ಕೇಳಿ ಗಾಡಿ ಕಳಿಸುವುದು. ಗಾಡಿ ಹೊರಟ ಸದ್ದು ಕೇಳಿದಾಗ ಕಾಲು ತಾನಾಗಿ ಆಕ್ಸಿಲರೇಟರ್ ಒತ್ತುತ್ತದೆ.

ನಿನ್ನ ಮೇಲೆ ಕೋಪ ಹೋಗಿದೆ ಅಂತ ಬರೆಯಲಾರೆ. ಪೂರ್ತಿ ಹೋಗಿಲ್ಲ.

ಅಮ್ಮನಿಗೆ ನೀನೇ ಹೇಳು. ನನ್ನಿಂದ ಆಗದು. ಇಪ್ಪತ್ತೆರಡಕ್ಕೆ, ಭಾನುವಾರ, ಬರುತ್ತೇನೆ.

ಸೂಜಿ


ಫೆಬ್ರುವರಿ ೧೮

ಸೂಜಿ,

ಹೇಳಿದೆ. ಹೇಳಲು ಇಷ್ಟು ದಿನ ಬೇಕಾಯಿತು. ಬೀದಿಗೆಲ್ಲ ಬಾಯಿ ನಾನು, ನನ್ನ ಅಕ್ಕನ ಮುಂದೆ ಮಾತು ಹೊರಡಲಿಲ್ಲ. ನಿನ್ನೆ ಸಂಜೆ ಅವಳು ಒಣಗಿದ ಬಟ್ಟೆ ಮಡಿಸುತ್ತಿದ್ದಳು. ನಿನ್ನ ಪತ್ರವನ್ನೇ ಓದಿಬಿಟ್ಟೆ. ಕೋಪದ ಸಾಲನ್ನೂ ಬಿಡಲಿಲ್ಲ.

ಅಳುತ್ತಾಳೆ ಅಂದುಕೊಂಡಿದ್ದೆ. ಕೈಯಲ್ಲಿದ್ದ ಟವೆಲನ್ನು ಮಡಿಸಿ ಮುಗಿಸಿದಳು. ಎದ್ದು, ನಡೆಯುವ ದಾರಿಯಲ್ಲಿದ್ದ ಸ್ಟೂಲನ್ನು ಗೋಡೆಗೆ ಸರಿಸಿದಳು. ಬಚ್ಚಲ ಮುಂದಿನ ಬಕೆಟ್ಟು, ಬಾಗಿಲ ಹಿಂದಿನ ನನ್ನ ಬಣ್ಣದ ಡಬ್ಬಗಳು, ಕೊಡೆ, ಚಪ್ಪಲಿ, ಎಲ್ಲವನ್ನೂ ಒಂದೊಂದಾಗಿ ಗೋಡೆಯ ಬದಿಗೆ ಜೋಡಿಸಿದಳು. ಯಾವುದು ಎಲ್ಲಿ ಇರಬೇಕು ಅಂತ ಒಂದು ಕ್ಷಣವೂ ಯೋಚಿಸಲಿಲ್ಲ. ಭಾವ ಹೋದ ಮೇಲೆ ಆ ಸಾಮಾನುಗಳು ದಾರಿಗೆ ಬಂದಿದ್ದವು ಅನ್ನುವುದು ನನಗೆ ಹೊಳೆದದ್ದೇ ಆಗ.

ಆಮೇಲೆ ಕೇಳಿದಳು, "ಯಾವುದೋ ಅದು, ಅವಳಿಗೆ ಕಾಣದೇ ಇರೋದು?"

"ಮೇಲೆ ಬರ್ಬೇಕು ಅಕ್ಕ. ಮಂಡಿ ನೋವು ಅಂತೀಯಲ್ಲ."

"ನಡಿ."

ಕೋಲು ಊರಿಕೊಂಡು ನಾನು, ಮಂಡಿ ಹಿಡಿದುಕೊಂಡು ಅವಳು. ಆ ಮಸುಕು ಈಗ ಪಡುವಣಕ್ಕೆ ಇಳಿದಿದೆ, ಇನ್ನು ಕೆಲವೇ ದಿನ. ಚಂದ್ರ ಇರಲಿಲ್ಲ. ದೀಪ ನೋಡದೆ ಕೂತಿರಬೇಕು ಅಂದೆ, ಕೂತಳು. ಕೊರಳಿಗೆ ಪಟ್ಟಿ ಹಾಕಿ ದುರ್ಬೀನು ಕೊಟ್ಟೆ. ಕುರ್ಚಿಯ ಹಿಂದೆ ನಿಂತು ಅವಳ ಮೊಣಕೈಗಳನ್ನು ಹಿಡಿದುಕೊಂಡೆ, ಅಲುಗಾಡಬಾರದಲ್ಲ. ಸೊಂಟದ ನಕ್ಷತ್ರ ಹಿಡಿಸಿದೆ. ಈಚೆಗೆ ಬಾ, ಮೆಲ್ಲಗೆ, ನೇರ ನೋಡಬೇಡ, ಪಕ್ಕಕ್ಕೆ ನೋಡು ಅಂದೆ.

"ಪಕ್ಕಕ್ಕೆ ನೋಡಿದ್ರೆ ಅದು ಹೇಗೋ ಕಾಣುತ್ತೆ?"

"ಹಾಗೇ ಕಾಣೋದು ಅಕ್ಕ."

ಸಾಕು ಇಳಿಸು ಅಂದರೂ ಇಳಿಸಲಿಲ್ಲ. ಕೆಳಗೆ ಯಾರೋ ಶಟರ್ ಎಳೆದರು, ಯಾವುದೋ ಗಾಡಿ ಹೋಯಿತು. ಕೊನೆಗೆ ದುರ್ಬೀನನ್ನು ಮಡಿಲಿಗೆ ಇಳಿಸಿಕೊಂಡು, "ಅಮ್ಮನಿಗೆ ಕಾಣ್ತು ಅಂತ ಬರಿ," ಅಂದಳು.

"ನಿಜವಾಗ್ಲೂ ಕಾಣ್ತಾ?"

"ಬರಿ ಅಂದ್ನಲ್ಲ."

ಬರೆದಿದ್ದೇನೆ. ಅವಳಿಗೆ ಕಂಡಿತೋ ಇಲ್ಲವೋ ನನಗೆ ಗೊತ್ತಿಲ್ಲ, ಸೂಜಿ. ಬಹಳ ಹೊತ್ತು ನೋಡಿದಳು. ಅಷ್ಟು ಮಾತ್ರ ನಾನು ಕಂಡದ್ದು.

ಮಾವ